ಕೊಳೆ ತೋರಿಸಿ ಮಾರಿದ ಯಂತ್ರ: ವ್ಯಾಕ್ಯೂಮ್ ಕ್ಲೀನರ್ ಒಳಗೆ ನೀರು ಬಂದ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ನಮ್ಮ ಕಡೆ ಅಂಗಳ ಗುಡಿಸೋಕೆ ಮುಂಚೆ ಒಂದು ಚೊಂಬು ನೀರು ಚಿಮುಕಿಸ್ತಾರೆ. ಯಾಕೆ ಅಂತ ಯಾರೂ ಪಾಠ ಹೇಳಬೇಕಾಗಿಲ್ಲ. ಒದ್ದೆಯಾದ ಧೂಳು ಮೇಲೇಳಲ್ಲ, ಅಷ್ಟೇ. ಇದೇ ತಿಳಿವಳಿಕೆಗೆ ಒಂದು ಮೋಟಾರು, ಒಂದು ಉದ್ದದ ಪೈಪು, ಏಳೆಂಟು ಬ್ರಶ್ಶು ಜೋಡಿಸಿದರೆ ವಾಟರ್ ಫಿಲ್ಟರ್ ವ್ಯಾಕ್ಯೂಮ್ ಕ್ಲೀನರ್ ಆಗುತ್ತೆ. ಮನೆ ಬಾಗಿಲಿಗೆ ಬಂದು ಮಾರುವ ಕೆಲವು ಯಂತ್ರಗಳ ಬೆಲೆ ಲಕ್ಷ ರೂಪಾಯಿ ದಾಟುತ್ತೆ. ಇವತ್ತು ಈ ಯಂತ್ರ ಬಂದ ದಾರಿಯನ್ನು ನೋಡೋಣ. ದಾರಿ ಗೊತ್ತಾದರೆ ಯಾವುದು ಬೇಕು, ಯಾವುದು ಬೇಡ ಅಂತ ತೀರ್ಮಾನ ಮಾಡೋದು ಸುಲಭ.

ಕಥೆ ಶುರುವಾಗೋದು 1901ರ ಲಂಡನ್‌ನಲ್ಲಿ. ಹ್ಯೂಬರ್ಟ್ ಸೆಸಿಲ್ ಬೂತ್ ಒಬ್ಬ ಸಿವಿಲ್ ಎಂಜಿನಿಯರ್. ವಿಯೆನ್ನಾದ ಪ್ರಸಿದ್ಧ ಜೈಂಟ್ ವೀಲ್‌ನ ವಿನ್ಯಾಸದಲ್ಲಿ ಕೆಲಸ ಮಾಡಿದವರು. ಅವರು ಧೂಳು ತೆಗೆಯುವ ಒಂದು ಯಂತ್ರದ ಪ್ರದರ್ಶನ ನೋಡಲು ಹೋಗಿದ್ದರು. ಆ ಯಂತ್ರ ಗಾಳಿ ಊದಿ ಧೂಳು ಎಬ್ಬಿಸುತ್ತಿತ್ತು. ಎದ್ದ ಧೂಳಿನ ಬಹುಪಾಲು ಮತ್ತೆ ಅಲ್ಲೇ ಕೂರುತ್ತಿತ್ತು. ಊದುವ ಬದಲು ಹೀರಬಾರದೇಕೆ ಎಂದು ಬೂತ್ ಯೋಚಿಸಿದರು. ವಿಕ್ಟೋರಿಯಾ ಸ್ಟ್ರೀಟಿನ ಒಂದು ರೆಸ್ಟೋರೆಂಟಿನಲ್ಲಿ ಕುರ್ಚಿಯ ಮೆತ್ತೆಯ ಮೇಲೆ ಕರವಸ್ತ್ರ ಇಟ್ಟು, ಬಾಯಿಂದ ಜೋರಾಗಿ ಹೀರಿ, ಕೆಮ್ಮಿ, ಬಟ್ಟೆಯ ಅಡಿಯಲ್ಲಿ ಮೂಡಿದ ಕಪ್ಪು ಗುರುತನ್ನು ತೋರಿಸಿದರು ಎಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ.

ಅದೇ ವರ್ಷ ಪೇಟೆಂಟ್ ಆಯಿತು. ಅವರ ಯಂತ್ರ ಎಷ್ಟು ದೊಡ್ಡದು ಅಂದರೆ, ಅದನ್ನು ಕುದುರೆಗಳು ಎಳೆದು ತರಬೇಕಿತ್ತು. ಗಾಡಿ ಬೀದಿಯಲ್ಲೇ ನಿಲ್ಲುತ್ತಿತ್ತು. ಉದ್ದನೆಯ ಕೊಳವೆಗಳನ್ನು ಕಿಟಕಿಗಳ ಮೂಲಕ ಮನೆಯೊಳಗೆ ಎಳೆಯುತ್ತಿದ್ದರು. 1902ರಲ್ಲಿ ಏಳನೇ ಎಡ್ವರ್ಡ್ ಪಟ್ಟಾಭಿಷೇಕಕ್ಕೆ ಮುನ್ನ ವೆಸ್ಟ್‌ಮಿನ್ಸ್‌ಟರ್ ಅಬೆಯ ರತ್ನಗಂಬಳಿ ಶುಚಿ ಮಾಡಿದ್ದು ಇದೇ ಯಂತ್ರ. ಇಲ್ಲಿ ಒಂದು ವಿಷಯ ಗಮನಿಸಿ. ಧೂಳು ಹರಿದು ಹೋಗೋದು ಜನರಿಗೆ ಕಾಣಲಿ ಅಂತ ಬೂತ್ ಪಾರದರ್ಶಕ ಕೊಳವೆಗಳನ್ನು ಬಳಸಿದರು. ಶ್ರೀಮಂತರ ಮನೆಗಳಲ್ಲಿ ಅತಿಥಿಗಳನ್ನು ಚಹಾಕ್ಕೆ ಕರೆದು, ಈ ದೃಶ್ಯ ತೋರಿಸುವುದೇ ಒಂದು ಮೋಜಾಯಿತು. ಅಂದರೆ, ಹುಟ್ಟಿದ ದಿನದಿಂದಲೂ ಈ ಯಂತ್ರ ಮಾರಾಟವಾಗಿದ್ದು ಕೊಳೆ ತೋರಿಸಿಯೇ.

ಆಮೇಲೆ ಅಮೆರಿಕ. ಒಹಾಯೊ ರಾಜ್ಯದ ಕ್ಯಾಂಟನ್ ಊರಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಎಂಬವರು ಒಂದು ಅಂಗಡಿಯಲ್ಲಿ ಕಸ ಗುಡಿಸುವ ಕೆಲಸ ಮಾಡುತ್ತಿದ್ದರು. ಅವರಿಗೆ ಉಬ್ಬಸ ಇತ್ತು. ಗುಡಿಸಿದಾಗ ಏಳುವ ಧೂಳಿಗೆ ಉಸಿರು ಕಟ್ಟುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆ ಹಿಡಿ, ಒಂದು ದಿಂಬಿನ ಚೀಲ ಸೇರಿಸಿ ತಮಗೆ ತಾವೇ ಯಂತ್ರ ಕಟ್ಟಿಕೊಂಡರು. 1908ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಂಡು ಕಂಪನಿ ಕಟ್ಟಿದವರು ವಿಲಿಯಂ ಹೂವರ್. ಅವರದು ಕುದುರೆ ಜೀನು, ಲಗಾಮಿನ ಚರ್ಮದ ವ್ಯಾಪಾರ. ಕಾರು ಬಂದ ಮೇಲೆ ಆ ವ್ಯಾಪಾರಕ್ಕೆ ಭವಿಷ್ಯ ಇಲ್ಲ ಅಂತ ಗೊತ್ತಾಗಿತ್ತು. ಹತ್ತು ದಿನ ಮನೆಯಲ್ಲಿ ಪುಕ್ಕಟೆ ಬಳಸಿ ನೋಡಿ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು.

ಬೂತ್ ನೋಡಿದ್ದು ಕಣ್ಣಿಗೆ ಕಾಣುವ ಕೊಳೆ. ಸ್ಪ್ಯಾಂಗ್ಲರ್ ಹೆದರಿದ್ದು ಎದೆಗೆ ಇಳಿಯುವ ಧೂಳಿಗೆ. ಎರಡೂ ಒಂದೇ ಅಲ್ಲ. ಚೀಲದ ಬಟ್ಟೆ ದೊಡ್ಡ ಕಸ ಹಿಡಿಯುತ್ತೆ. ಸಣ್ಣ ಧೂಳು ಅದರ ರಂಧ್ರಗಳ ಮೂಲಕ ಮತ್ತೆ ಕೋಣೆಗೇ ಬರುತ್ತೆ. ರಂಧ್ರ ಇನ್ನೂ ಚಿಕ್ಕದು ಮಾಡಿದರೆ ಚೀಲ ಬೇಗ ಕಟ್ಟಿಕೊಂಡು ಹೀರುವ ಬಲ ಕುಗ್ಗುತ್ತೆ. ಮುಂದಿನ ನೂರು ವರ್ಷ ಈ ಉದ್ಯಮ ಗುದ್ದಾಡಿದ್ದು ಈ ಸಮಸ್ಯೆಯ ಜೊತೆಗೇ.

ನೀರು ಬಂದಿದ್ದು ಇಲ್ಲಿ. 1930ರ ದಶಕದಲ್ಲಿ ಅಮೆರಿಕದ ರೆಕ್ಸ್‌ಏರ್ ಕಂಪನಿ ಚೀಲವನ್ನೇ ಬಿಟ್ಟು, ಧೂಳಿನ ಗಾಳಿಯನ್ನು ನೀರಿನ ಪಾತ್ರೆಯೊಳಗೆ ನುಗ್ಗಿಸಿತು. ಮುಂದೆ ಇದೇ ಕಂಪನಿಯ ಯಂತ್ರ ರೇನ್‌ಬೋ ಎಂಬ ಹೆಸರಿನಲ್ಲಿ ಮನೆ ಮನೆ ತಲುಪಿತು. ಸುಮಾರು 2 ಲೀಟರ್ ನೀರು ಹಾಕಿ ಯಂತ್ರ ಚಾಲೂ ಮಾಡಿದರೆ ನೀರು ಸುಳಿ ತಿರುಗುತ್ತೆ. ಧೂಳು ಅದರಲ್ಲಿ ನೆನೆಯುತ್ತೆ. ಮೇಲ್ಗಡೆ ಸೆಪರೇಟರ್ ಅನ್ನೋ, ಸೀಳುಗಳಿರುವ ಒಂದು ಸಣ್ಣ ಬುಟ್ಟಿ ಅತಿ ವೇಗವಾಗಿ ಸುತ್ತುತ್ತಾ, ನೀರಿನ ಹನಿಗಳನ್ನೂ ಉಳಿದ ಧೂಳನ್ನೂ ಪಕ್ಕಕ್ಕೆ ಎಸೆಯುತ್ತೆ. ಗಾಳಿ ಮಾತ್ರ ಮೋಟಾರಿನ ಕಡೆ ಹೋಗಬೇಕು ಅನ್ನೋದು ಲೆಕ್ಕ. ಕಟ್ಟಿಕೊಳ್ಳಲು ಚೀಲವೇ ಇಲ್ಲ, ಹಾಗಾಗಿ ಹೀರುವ ಬಲ ಹೆಚ್ಚು ಕುಗ್ಗಲ್ಲ. ಇದು ನಿಜವಾದ ಲಾಭ.

ಹಳ್ಳಿಯ ಕಡೆಯವರಿಗೆ ಇದು ಹೊಸದೇನಲ್ಲ. ಹಳೇ ಟ್ರ್ಯಾಕ್ಟರಿನ ಏರ್ ಕ್ಲೀನರ್ ಬಿಚ್ಚಿ ನೋಡಿ, ತಳದ ಬಟ್ಟಲಲ್ಲಿ ಆಯಿಲ್ ಇರುತ್ತೆ. ಗಾಳಿ ಕೆಳಗೆ ಬಂದು ಥಟ್ಟನೆ ಮೇಲಕ್ಕೆ ತಿರುಗುತ್ತೆ. ಭಾರದ ಧೂಳಿಗೆ ಆ ತಿರುವು ತೆಗೆದುಕೊಳ್ಳೋಕೆ ಆಗಲ್ಲ, ಆಯಿಲ್‌ಗೆ ಬೀಳುತ್ತೆ. ಆದರೆ ಹೊಸ ಟ್ರ್ಯಾಕ್ಟರುಗಳಲ್ಲಿ ಅನೇಕವು ಕಾಗದದ ಫಿಲ್ಟರಿಗೆ ಬದಲಾದವು. ಕಾರಣ, ಅತಿ ಸಣ್ಣ ಧೂಳು ಗಾಳಿಯ ಜೊತೆಗೇ ತಿರುಗಿ ತಪ್ಪಿಸಿಕೊಳ್ಳುತ್ತೆ. ನೀರಿನಲ್ಲೂ ಇದೇ ತೊಂದರೆ. ಗಾಳಿಯ ಗುಳ್ಳೆಯ ನಟ್ಟನಡುವೆ ಇರುವ ಕಣಕ್ಕೆ ನೀರು ತಾಗುವುದೇ ಇಲ್ಲ. ಗುಳ್ಳೆ ಒಡೆದಾಗ ಅದು ಒಣಗಿದ ಮೈಯಲ್ಲೇ ಹೊರಗೆ ಬರುತ್ತೆ.

ಸಣ್ಣ ಕಣ ಹಿಡಿಯುವ ಉತ್ತರ ಬಂದಿದ್ದು ಬೇರೆ ಕಡೆಯಿಂದ. 1940ರ ದಶಕದಲ್ಲಿ ಅಣುಬಾಂಬ್ ತಯಾರಿಸಿದ ಮ್ಯಾನ್‌ಹಟನ್ ಯೋಜನೆಯಲ್ಲಿ ವಿಕಿರಣ ಕಣಗಳನ್ನು ತಡೆಯಲು ರೂಪಿಸಿದ ಫಿಲ್ಟರು ಮುಂದೆ ಹೆಪಾ ಎನಿಸಿಕೊಂಡಿತು. ಅಮೆರಿಕದ ಮಾನದಂಡದ ಪ್ರಕಾರ ಅದು 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ಶೇ 99.97ರಷ್ಟನ್ನು ಹಿಡಿಯಬೇಕು. ಇವತ್ತಿನ ಒಳ್ಳೆಯ ವಾಟರ್ ಫಿಲ್ಟರ್ ಯಂತ್ರಗಳು ಮಾಡಿರುವ ಕೆಲಸ ಏನು ಗೊತ್ತಾ? ನೀರಿನ ನಂತರ ಹೆಪಾ ಇಟ್ಟಿವೆ. ಜರ್ಮನಿಯ ಕಾರ್ಚರ್ ಕಂಪನಿಯ ಡಿಎಸ್ ಸರಣಿಯಲ್ಲಿ ಹೀಗೇ ಇದೆ. ರೇನ್‌ಬೋ ಕೂಡ ಇತ್ತೀಚಿನ ಮಾದರಿಗಳಲ್ಲಿ ಹೆಪಾ ಸೇರಿಸಿಕೊಂಡಿದೆ. ನೀರೊಂದೇ ಸಾಕಾಗಿದ್ದರೆ ಇದರ ಅಗತ್ಯವೇ ಇರುತ್ತಿರಲಿಲ್ಲ, ಅಲ್ವಾ?

ನಮ್ಮ ದೇಶಕ್ಕೆ ಬರೋಣ. ಸ್ವೀಡನ್ನಿನ ಎಲೆಕ್ಟ್ರೋಲಕ್ಸ್ ಕಂಪನಿ ಮೊದಲಿಂದಲೂ ಮನೆ ಮನೆಗೆ ಹೋಗಿ ಮಾರುವುದರಲ್ಲಿ ಪಳಗಿತ್ತು. 1982ರಲ್ಲಿ ಅದು ಫೋರ್ಬ್ಸ್ ಜೊತೆ ಸೇರಿ ಯುರೇಕಾ ಫೋರ್ಬ್ಸ್ ಶುರುವಾಯಿತು. ಟೈ ಕಟ್ಟಿಕೊಂಡ ಹುಡುಗರು ಬೆಲ್ ಒತ್ತಿ, ನಮ್ಮದೇ ಹಾಸಿಗೆಯಿಂದ ಧೂಳು ತೆಗೆದು ಬಿಳಿ ಬಟ್ಟೆಯ ಮೇಲೆ ಸುರಿದು ತೋರಿಸಿದ್ದು ನಮ್ಮಲ್ಲಿ ಅನೇಕರಿಗೆ ನೆನಪಿರಬೇಕು. ಬೂತ್ ಅವರ ಕರವಸ್ತ್ರ ಎಂಬತ್ತು ವರ್ಷ ದಾಟಿ ನಮ್ಮ ಹಜಾರಕ್ಕೆ ಬಂದಿತ್ತು. ಇವತ್ತು ಬಟ್ಟೆಯ ಜಾಗದಲ್ಲಿ ಕಪ್ಪು ನೀರಿನ ಬಟ್ಟಲು ಇದೆ, ಅಷ್ಟೇ ವ್ಯತ್ಯಾಸ.

ಕೇಳುಗರೊಬ್ಬರು ಇದನ್ನೇ ಬರೆದಿದ್ದರು. ಮಗಳಿಗೆ ಉಬ್ಬಸ. ಡೆಮೊ ಕೊಡಲು ಬಂದವರು ಹಾಸಿಗೆಯಿಂದ ತೆಗೆದ ಕಪ್ಪು ನೀರು ತೋರಿಸಿ, ನಿಮ್ಮ ಮಗು ಇದನ್ನೇ ಉಸಿರಾಡ್ತಿದೆ ಅಂದರಂತೆ. ಕಂತಿನಲ್ಲಿ ಕೊಳ್ಳಲೇ ಅಂತ ಅವರ ಪ್ರಶ್ನೆ. ಆ ಮಾತು ಕೇಳಿದ ಯಾವ ತಂದೆ-ತಾಯಿಗೆ ತಾನೆ ಬೇಡ ಅನ್ನೋಕೆ ಬಾಯಿ ಬರುತ್ತೆ?

ನನ್ನ ಉತ್ತರ ಇದು. 2 ಲೀಟರ್ ನೀರು ಕಪ್ಪಾಗೋಕೆ ಒಂದೆರಡು ಚಮಚ ಧೂಳು ಸಾಕು. ಯಾವ ಯಂತ್ರದಿಂದ ಹೀರಿದ ಹಾಸಿಗೆಯನ್ನೂ ಇನ್ನೊಂದು ಯಂತ್ರದಿಂದ ಹೀರಿದರೆ ಮತ್ತಷ್ಟು ಧೂಳು ಬಂದೇ ಬರುತ್ತೆ. ಎಲ್ಲಕ್ಕಿಂತ ಮುಖ್ಯ, ಬಟ್ಟಲಲ್ಲಿ ಕಾಣೋದು ಸಿಕ್ಕಿಬಿದ್ದ ಧೂಳು. ತಪ್ಪಿಸಿಕೊಂಡಿದ್ದು ಬಟ್ಟಲಲ್ಲಿ ಇರಲ್ಲ.

ಹಾಗಂತ ನೀರು ನಿಷ್ಪ್ರಯೋಜಕ ಅಂತಲ್ಲ. 1960ರ ದಶಕದಲ್ಲಿ ನೆದರ್‌ಲ್ಯಾಂಡ್ಸ್‌ನ ಲೈಡನ್‌ನಲ್ಲಿ ವೂರ್‌ಹಾರ್ಸ್ಟ್, ಸ್ಪೀಕ್ಸ್‌ಮಾ ಮತ್ತಿತರ ಸಂಶೋಧಕರು, ಮನೆಧೂಳಿನ ಅಲರ್ಜಿಗೆ ಹಾಸಿಗೆಯಲ್ಲಿರುವ ಕಣ್ಣಿಗೆ ಕಾಣದ ಮೈಟ್ ಹುಳಗಳು ಮುಖ್ಯ ಕಾರಣ ಎಂದು ತೋರಿಸಿಕೊಟ್ಟರು. ಅವುಗಳ ಹಿಕ್ಕೆಯ ಕಣಗಳು ಹೆಚ್ಚಾಗಿ 10 ಮೈಕ್ರಾನಿಗಿಂತ ದೊಡ್ಡವು. ಅವನ್ನು ನೀರು ಚೆನ್ನಾಗಿಯೇ ಹಿಡಿಯುತ್ತೆ. ಬೆಕ್ಕಿನ ಅಲರ್ಜಿ ಕಣಗಳಲ್ಲಿ ಎಷ್ಟೋ ಇದಕ್ಕಿಂತ ತೀರಾ ಸಣ್ಣವು, ಅಲ್ಲಿ ಹೆಪಾ ಬೇಕು. ಇನ್ನು ಮೈಟ್ ಹುಳಕ್ಕೆ ಬದುಕೋಕೆ ತೇವ ಬೇಕು. ಕರಾವಳಿ, ಮಲೆನಾಡಿನವರು ಹಾಸಿಗೆ ಬಿಸಿಲಿಗೆ ಹಾಕಿ, ಹೊದಿಕೆಗಳನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆದರೆ ಆಗುವ ಲಾಭಕ್ಕೆ ಕಂತು ಕಟ್ಟಬೇಕಿಲ್ಲ. ಡಾಕ್ಟರು ಬರೆದ ಇನ್‌ಹೇಲರಿಗೆ ಯಾವ ಯಂತ್ರವೂ ಬದಲಿ ಅಲ್ಲ. ಹಾಸಿಗೆ ಹೀರುವಾಗ ಮಗು ಆ ಕೋಣೆಯಲ್ಲಿ ಇರದಿದ್ದರೆ ಒಳ್ಳೆಯದು.

ಕೊಳ್ಳೋದೇ ಆದರೆ ಮೂರು ಬಗೆಯನ್ನು ಬೇರೆ ಮಾಡಿ ನೋಡಿ. ಒಂದು, ಸೆಪರೇಟರ್ ಇರುವ ದುಬಾರಿ ಯಂತ್ರ. ರೇನ್‌ಬೋ, ಸ್ಲೊವೇನಿಯಾದಲ್ಲಿ ತಯಾರಾಗುವ ಹೈಲಾ ಈ ಜಾತಿಯವು. ಎರಡು, ನೀರಿನ ತೊಟ್ಟಿ ಮತ್ತು ಹೆಪಾ ಇರುವ, ಬೆಲೆ ಅದಕ್ಕಿಂತ ಎಷ್ಟೋ ಕಡಿಮೆ ಇರುವ ಯಂತ್ರ. ಮೂರು, ವೆಟ್ ಅಂಡ್ ಡ್ರೈ ಡ್ರಮ್. ಇದು ಚೆಲ್ಲಿದ ನೀರನ್ನು ಹೀರುತ್ತೆ, ಆದರೆ ಅಷ್ಟಕ್ಕೇ ಅದು ವಾಟರ್ ಫಿಲ್ಟರ್ ಆಗಲ್ಲ. ಅಂಗಡಿಯಲ್ಲಿ ಎರಡನ್ನೂ ಒಂದೇ ಉಸಿರಲ್ಲಿ ಹೇಳ್ತಾರೆ, ಜೋಪಾನ. ನೀರಿನ ಯಂತ್ರ ಯಾವುದೇ ಆದರೂ ಕೆಲಸ ಮುಗಿದ ಕೂಡಲೇ ನೀರು ಚೆಲ್ಲಿ, ತೊಟ್ಟಿ ತೊಳೆದು ಒಣಗಿಸಲೇಬೇಕು. ಮರುದಿನಕ್ಕೆ ಬಿಟ್ಟರೆ ನಾರುತ್ತೆ, ಬೂಷ್ಟು ಹಿಡಿಯುತ್ತೆ. ಸೋಪಿನ ಅಂಶ ಸೇರಿದರೆ ನೊರೆ ಏಳುತ್ತೆ, ಅದಕ್ಕೆ ನೊರೆ ತಡೆಯುವ ದ್ರವ ಬೇರೆ ಕೊಳ್ಳಬೇಕು.

ಅಟ್ಯಾಚ್‌ಮೆಂಟ್ ವಿಷಯದಲ್ಲೂ ಇತಿಹಾಸ ನೆನಪಿರಲಿ. ಈ ಯಂತ್ರ ಬೆಳೆದಿದ್ದು ಗೋಡೆಯಿಂದ ಗೋಡೆಗೆ ಕಾರ್ಪೆಟ್ ಹಾಸುವ ದೇಶಗಳಲ್ಲಿ. ಮೋಟಾರಿನಿಂದ ಬ್ರಶ್ ತಿರುಗಿಸುವ ಪವರ್ ನಾಝಲ್ ಹುಟ್ಟಿದ್ದೇ ಕಾರ್ಪೆಟ್ಟಿಗಾಗಿ. ರೆಡ್ ಆಕ್ಸೈಡ್, ಮೊಸಾಯಿಕ್, ಟೈಲ್ಸ್ ನೆಲಕ್ಕೆ ಅದು ದಂಡ. ನಮಗೆ ದಿನವೂ ಬೇಕಾಗೋದು ನಾಲ್ಕೇ: ಗಟ್ಟಿ ನೆಲದ ಬ್ರಶ್ಶು, ಸಂದಿಗೆ ತೂರುವ ಚಪ್ಪಟೆ ಮೂತಿ, ಸೋಫಾ-ಹಾಸಿಗೆಗೆ ಅಗಲ ಮೂತಿ, ಪುಸ್ತಕದ ಕಪಾಟು ಮತ್ತು ಸೊಳ್ಳೆ ಜಾಲರಿಗೆ ಮೆತ್ತನೆಯ ದುಂಡು ಬ್ರಶ್ಶು. ನೀರಿಗೆ ನಾಲ್ಕು ಹನಿ ಸುಗಂಧ ಹಾಕಿ, ಯಂತ್ರವನ್ನು ಮೂಲೆಯಲ್ಲಿ ಓಡಿಸಿ, ಇದೇ ಏರ್ ಪ್ಯೂರಿಫೈಯರ್ ಅಂದರೆ ಮರುಳಾಗಬೇಡಿ. ವಾಸನೆ ಬದಲಾದ ಮಾತ್ರಕ್ಕೆ ಗಾಳಿ ಶುದ್ಧವಾಯಿತು ಅಂತ ಅರ್ಥ ಅಲ್ಲ.

ಡೆಮೊ ಕೊಡುವ ಹುಡುಗನೂ ಹೊಟ್ಟೆಪಾಡಿಗೆ ಬಂದಿರ್ತಾನೆ, ಅವನ ಮೇಲೆ ಸಿಟ್ಟು ಬೇಡ. ಕಾಫಿ ಕೊಟ್ಟು ಮೂರು ಪ್ರಶ್ನೆ ಕೇಳಿ: ನೀರಿನ ನಂತರ ಹೆಪಾ ಇದೆಯಾ, ಯಾವ ದರ್ಜೆಯದು? ಐದು ವರ್ಷ ಆದ ಮೇಲೆ ಪೈಪು, ಸೆಪರೇಟರ್, ಮೋಟಾರ್ ನಮ್ಮ ಊರಲ್ಲೇ ಸಿಗುತ್ತಾ, ಎಷ್ಟಕ್ಕೆ? ಒಳಗೆ ಹೋಗಿದ್ದನ್ನು ತೋರಿಸಿದ್ದಾಯ್ತಪ್ಪ, ಹೊರಗೆ ಬರುವ ಗಾಳಿಯಲ್ಲಿ ಏನಿದೆ ಅಂತ ಹೇಗೆ ತೋರಿಸ್ತೀಯಾ? ಆ ಮೂರನೇ ಪ್ರಶ್ನೆಗೆ ಬಟ್ಟಲು ಎತ್ತಿ ತೋರಿಸಿದರೆ, ಅದು ಉತ್ತರ ಅಲ್ಲ. ಪರೀಕ್ಷೆಯ ವರದಿ ಕೊಟ್ಟರೆ ಓದಿ, ಆಮೇಲೆ ಯೋಚಿಸಿ.