ಮೂಲಗೇಣಿಯಿಂದ ಫ್ಲ್ಯಾಟಿನವರೆಗೆ

ಮಂಗಳೂರಿನಲ್ಲಿ ಇಬ್ಬರು ಕೂಡಿದರೆ ಮಳೆಯ ಮಾತು ಮುಗಿದೊಡನೆ ಸೆಂಟ್ಸಿನ ಮಾತು ಬರುವುದುಂಟು. ಎಕರೆಯ ನೂರರಲ್ಲೊಂದು ಪಾಲು, ಅಂದರೆ ಸುಮಾರು 435 ಚದರಡಿಯ ಈ ಸೆಂಟ್ಸು ಅಲ್ಲಿ ನೆಲದ ಬೆಲೆಯನ್ನು ಹೇಳುವ ಅಳತೆ. ಆ ನೆಲದ ಮೇಲೆ ಎದ್ದ ಫ್ಲ್ಯಾಟಿನ ಬೆಲೆಯಾದರೋ ಚದರಡಿಯ ಲೆಕ್ಕ. ‘ಅಂದೇ ಕೊಂಡಿದ್ದರೆ ಇಂದು ಎಷ್ಟಾಗುತ್ತಿತ್ತು!’ ಎಂಬ ನಿಟ್ಟುಸಿರು ಎರಡಕ್ಕೂ ಒಂದೇ. ಈ ಹೆಚ್ಚಳ ಹುಟ್ಟುವುದೆಲ್ಲಿ, ಸಲ್ಲುವುದು ಯಾರಿಗೆ ಎಂಬ ಪ್ರಶ್ನೆ ಫ್ಲ್ಯಾಟಿಗಿಂತ ಬಹಳ ಹಳೆಯದು.

1799ರಲ್ಲಿ ಟಿಪ್ಪುವಿನ ಪತನವಾದ ಮೇಲೆ ಕೆನರಾ ಪ್ರಾಂತವು ಕಂಪನಿಯ ಕೈಸೇರಿತು. ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ, ಇಲ್ಲಿ ಭೂಮಿ ಖಾಸಗಿ ಸ್ವತ್ತಾಗಿ ಬಹುಕಾಲದಿಂದ ನಡೆದುಬಂದಿರುವುದನ್ನು ಕಂಡನು. ಧಣಿಯು ನೆಲವನ್ನು ಒಕ್ಕಲಿಗೆ ಕೊಡುವ ಮುಖ್ಯ ಬಗೆಗಳು ಎರಡು. ಚಾಲಗೇಣಿಯ ಒಕ್ಕಲು ಧಣಿಯ ಮರ್ಜಿಯಲ್ಲಿದ್ದವನು. ಅವನ ಗೇಣಿಯನ್ನು ಏರಿಸಬಹುದಿತ್ತು, ಅವನನ್ನು ಬಿಡಿಸಲೂಬಹುದಿತ್ತು. ಮೂಲಗೇಣಿಯವನ ಹಕ್ಕಾದರೋ ಶಾಶ್ವತ. ಅವನ ಗೇಣಿಯೂ ಶಾಶ್ವತ. ಇಷ್ಟು ಮುಡಿ ಅಕ್ಕಿ ಅಥವಾ ಇಷ್ಟು ರೂಪಾಯಿ ಎಂದು ಒಮ್ಮೆ ಬರೆದುಕೊಂಡರೆ ಮೊಮ್ಮಕ್ಕಳ ಕಾಲಕ್ಕೂ ಅಷ್ಟೇ. ವರ್ಷಗಳು ಕಳೆದಂತೆ ರೂಪಾಯಿ ಸವೆಯಿತು, ನೆಲ ಬೆಲೆಯೇರಿತು. ಏರಿದ್ದೆಲ್ಲ ಒಕ್ಕಲ ಪಾಲಾಯಿತು. ಹೆಚ್ಚಳ ಯಾರಿಗೆಂಬುದನ್ನು ನಿರ್ಣಯಿಸಿದ್ದು ಅವರವರ ದುಡಿಮೆಯಲ್ಲ, ಪತ್ರದ ಒಂದು ಸಾಲು.

ನೆಲ ಬೆಲೆಯೇರಿದ್ದಾದರೂ ಏಕೆ? 1865ರಲ್ಲಿ ಬಾಸೆಲ್ ಮಿಶನ್ ಹಂಚಿನ ಕಾರ್ಖಾನೆ ಹುಟ್ಟಿತು. 1907ರಲ್ಲಿ ರೈಲು ಬಂದಿತು. 1951ರಲ್ಲಿ ಬಜಪೆಯಲ್ಲಿ ವಿಮಾನವಿಳಿಯಿತು. 1960ರಲ್ಲಿ ಸುರತ್ಕಲ್ಲಿನ ಇಂಜಿನಿಯರಿಂಗ್ ಕಾಲೇಜು, 1975ರಲ್ಲಿ ಪಣಂಬೂರಿನ ಬಂದರು. ಜೊತೆಗೆ ಮುಂಬಯಿಯಿಂದಲೂ ಕೊಲ್ಲಿಯ ನಾಡುಗಳಿಂದಲೂ ಊರಿಗೆ ಹರಿದುಬಂದ ಹಣ. ಇವುಗಳಲ್ಲಿ ಯಾವುದನ್ನೂ ಹಿತ್ತಿಲಿನ ಒಡೆಯನೊಬ್ಬನೇ ಕಟ್ಟಲಿಲ್ಲ. ಸಾವಿರಾರು ಜನರ ಬೆವರೂ ಸರಕಾರದ ಬೊಕ್ಕಸವೂ ಕೂಡಿ ಆದ ಕೆಲಸ ಅದು. ಅದರ ಫಲ ಮಾತ್ರ ತೆಂಗಿನ ಮರದ ಬುಡದಲ್ಲಿ ಸದ್ದಿಲ್ಲದೆ ಸೇರುತ್ತಿತ್ತು.

ಕಾನೂನು ಈ ಗಂಟಿಗೆ ಕೈಹಚ್ಚಿತು. 1974ರ ಭೂಸುಧಾರಣೆ ಗೇಣಿಯ ಗದ್ದೆ ತೋಟಗಳನ್ನು ಒಕ್ಕಲಿಗೆ ಕೊಟ್ಟಿತಾದರೂ ಪೇಟೆಯ ಮನೆ ಅಂಗಡಿಗಳ ಮೂಲಗೇಣಿ ಅದರ ಹೊರಗೆ ಉಳಿಯಿತು. ಅಂಥ ಒಕ್ಕಲಿಗೆ ಒಡೆತನ ಕೊಡಲು ಬೇರೊಂದು ಶಾಸನ ಬೇಕಾದದ್ದು 2011ರಲ್ಲಿ. ಅಷ್ಟರಲ್ಲಿ, 1972ರ ಅಪಾರ್ಟ್‌ಮೆಂಟ್ ಒಡೆತನದ ಕಾಯಿದೆಯ ಆಸರೆಯಿಂದ, ಕೆಂಪುಕಲ್ಲಿನ ಹಂಚಿನ ಮನೆಗಳಿದ್ದಲ್ಲಿ ಮಹಡಿಗಳು ಏಳತೊಡಗಿದ್ದವು.

ಫ್ಲ್ಯಾಟು ಕೊಂಡವನಿಗೆ ನಿಜವಾಗಿ ದೊರೆಯುವುದೇನು? ನಾಲ್ಕು ಗೋಡೆ, ಜೊತೆಗೆ ನೆಲದಲ್ಲಿ ಬೇರ್ಪಡಿಸಲಾಗದ ಒಂದು ಪಾಲು. ಉದಾಹರಣೆಗೆ, 25 ಸೆಂಟ್ಸಿನಲ್ಲಿ 40 ಸಮಾನ ಮನೆಗಳಿದ್ದರೆ ಒಬ್ಬೊಬ್ಬನಿಗೆ ಸುಮಾರು 272 ಚದರಡಿ ನೆಲ. ಕರಾವಳಿಯ ಮಳೆಗೂ ಉಪ್ಪುಗಾಳಿಗೂ ಗೋಡೆ ವರ್ಷವರ್ಷವೂ ಹಳತಾಗುತ್ತದೆ. ಬಣ್ಣ ಬೇಕು, ಲಿಫ್ಟಿಗೆ ರಿಪೇರಿ ಬೇಕು. ಕೊನೆಯವರೆಗೆ ಬೆಳೆಯುವುದು ಆ ಅಂಗೈಯಗಲದ ನೆಲವೇ. ಆ ನೆಲ ಇನ್ನೂ ಮೂಲಗೇಣಿಯದಾಗಿದ್ದರೆ, ಮಾರಿದವನಿಗಿದ್ದ ಹಕ್ಕಿಗಿಂತ ಹೆಚ್ಚಿನದು ಕೊಂಡವನಿಗೆ ಬರುವಂತಿಲ್ಲ. ಆದರೂ ನಮ್ಮ ಜನ ಅಡುಗೆಮನೆಯ ಕಲ್ಲನ್ನು ತಟ್ಟಿ ನೋಡುವಷ್ಟು ಆಸ್ಥೆಯಿಂದ ಕ್ರಯಪತ್ರದ ಷೆಡ್ಯೂಲನ್ನು ಓದುವುದಿಲ್ಲ.

ಹೀಗೆ ಕೊಂಡವರಾದರೂ ಒಂದು ಪಾಲಿಗೆ ಒಡೆಯರು. ಅದೇ ಊರಿನ ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ದಾದಿಗೆ, ಬಂದರಿನ ಕೂಲಿಗೆ, ಬಾಡಿಗೆ ಮನೆಯ ಶಾಲಾಮಾಸ್ತರಿಗೆ, ಊರಿನ ಬೆಲೆಯನ್ನು ಏರಿಸುವುದರಲ್ಲಿ ಪಾಲುಂಟು. ಏರಿದ ಬೆಲೆಯಲ್ಲಿ ಇಲ್ಲ. ಅವರು ಇಂದಿನ ಚಾಲಗೇಣಿಯವರು. ಮೂಲಗೇಣಿಯ ಒಕ್ಕಲನ್ನು ಕಾಪಾಡಿದ್ದು ಏರದೆ ನಿಂತ ಗೇಣಿ. ಇವರ ಬಾಡಿಗೆಯಾದರೋ ಇವರೇ ಬೆಳೆಸಿದ ಊರಿನೊಂದಿಗೆ ಏರುತ್ತಲೇ ಹೋಗುತ್ತದೆ.