ಮೊರೇರ ಮನೆಗಳು

ಹಂಪಿಗೆ ಹೋದವರೆಲ್ಲ ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡು ಬರ್ತೀವಿ. ಆದರೆ ಅಲ್ಲಿಂದ ಅಷ್ಟೇನೂ ದೂರವಿಲ್ಲದ ಹಿರೇಬೆಣಕಲ್ ಗುಡ್ಡ ಹತ್ತಿದವರು ಎಷ್ಟು ಜನ ಇದ್ದೀರಿ? ಕೊಪ್ಪಳ ಜಿಲ್ಲೆಯ ಗಂಗಾವತಿ ಹತ್ತಿರದ ಈ ಗುಡ್ಡದ ಮೇಲೆ, ವಿಜಯನಗರ ಹುಟ್ಟೋದಕ್ಕೆ ಸಾವಿರದೈನೂರು ವರ್ಷ ಮೊದಲೇ ಒಂದು ಊರು ಕಟ್ಟಿ ಮುಗಿದಿತ್ತು. ಸತ್ತವರ ಊರು!

ನಾಲ್ಕು ಕಡೆ ಚಪ್ಪಡಿ ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳು. ಕೆಲವು ಆಳೆತ್ತರಕ್ಕೂ ಮಿಗಿಲು. ಎಷ್ಟೋ ಮನೆಗಳ ಒಂದು ಗೋಡೆಯಲ್ಲಿ ದುಂಡನೆಯ ಕಿಂಡಿ. ಇಂಥವು 400ಕ್ಕೂ ಹೆಚ್ಚು. ಕ್ರಿ.ಪೂ. 800ರಿಂದ 200ರ ನಡುವಿನ ಬೃಹತ್ ಶಿಲಾ ಸಮಾಧಿಗಳು ಅಂತ ವಿದ್ವಾಂಸರು ಹೇಳ್ತಾರೆ. ಚಪ್ಪಡಿಗಳಿಗೆ ದೂರ ಹೋಗಬೇಕಿರಲಿಲ್ಲ. ಪದರ ಪದರವಾಗಿ ಏಳುವ ಕಲ್ಲು ಗುಡ್ಡದಲ್ಲೇ ಇದೆ. ಪಕ್ಕದಲ್ಲೇ ಬಂಡೆಯ ಮೇಲೆ ನಗಾರಿಯಂಥ ದೊಡ್ಡ ಕಲ್ಲು. ಬಡಿದರೆ ನಿಜಕ್ಕೂ ಮೊಳಗುತ್ತೆ.

ಜನ ಹೇಳೋ ಕಥೆಯೇ ಬೇರೆ. ಇವು ಸಮಾಧಿಗಳಲ್ಲ, ಮೊರೇರ ಮನೆಗಳು. ಮೊರೇರು ಕುಳ್ಳರು, ಆದರೆ ಮಹಾ ಬಲಶಾಲಿಗಳು. ಬೆಂಕಿ ಮಳೆ ಸುರಿಯುತ್ತೆ ಅಂತ ಗೊತ್ತಾಗಿ ಕಲ್ಲಿನ ಮನೆ ಕಟ್ಟಿಕೊಂಡು ಒಳಗೆ ಸೇರಿದರಂತೆ. ಆದರೂ ಉಳಿಯಲಿಲ್ಲವಂತೆ...

ನಗಬೇಡಿ. ಆ ಕಿಂಡಿಯಲ್ಲಿ ನಮ್ಮಂಥವರು ತೂರೋದು ಕಷ್ಟ, ಆದ್ದರಿಂದ ಇದ್ದವರು ಕುಳ್ಳರು. ಚಪ್ಪಡಿ ಭಾರ, ಆದ್ದರಿಂದ ಬಲಶಾಲಿಗಳು. ಕಣ್ಣೆದುರಿನ ಸಾಕ್ಷಿ ನೋಡಿಯೇ ಯಾರೋ ಕಟ್ಟಿದ ತರ್ಕ ಇದು. ಮೊರೇರು ಅಂದ್ರೆ ಮೌರ್ಯರು ಅನ್ನುವವರೂ ಇದ್ದಾರೆ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನ ಇರೋದ್ರಿಂದ ಹಾಗನ್ನಿಸೋದು ಸಹಜ. ಆದರೆ ಅಶೋಕ ಕ್ರಿ.ಪೂ. 3ನೇ ಶತಮಾನದವನು. ಇಲ್ಲಿ ಕಲ್ಲು ನಿಲ್ಲಿಸೋದು ಅದಕ್ಕೂ ಎಷ್ಟೋ ಮೊದಲೇ ಶುರುವಾಗಿತ್ತು.

ನನ್ನ ಹೊಟ್ಟೆ ಉರಿಸೋದು ಇನ್ನೊಂದು ಕಥೆ. ಸಮಾಧಿಯೊಳಗೆ ಚಿನ್ನ ಇದೆ ಅನ್ನೋದು! ನಿಧಿಗಳ್ಳರು ಕೆಡವಿದ ಮನೆಗಳನ್ನು ನೋಡಿದರೆ ಸಂಕಟವಾಗುತ್ತೆ. ಇಂಥ ಬೃಹತ್ ಶಿಲಾ ಸಮಾಧಿಗಳಲ್ಲಿ ಸಾಮಾನ್ಯವಾಗಿ ಸಿಗೋದು ಮೂಳೆ, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಸಾಮಾನು. ಮಾರೋಕೆ ಬೆಲೆಯಿಲ್ಲ. ಇತಿಹಾಸಕ್ಕೆ ಮಾತ್ರ ಅವೇ ಚಿನ್ನ, ಅದೂ ಇದ್ದ ಜಾಗದಲ್ಲೇ ಇದ್ದರೆ.

ಮೊರೇರ ಕಥೆ ಆ ಕಲ್ಲಿನೊಳಗೆ ಮನುಷ್ಯರನ್ನು ಕಂಡಿತು. ನಿಧಿಯ ಕಥೆ ದುಡ್ಡನ್ನು ಮಾತ್ರ ಕಂಡಿತು. 2021ರಲ್ಲಿ ಹಿರೇಬೆಣಕಲ್ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು, ಸಂತೋಷ. ಆದರೆ ದಿನಾ ಕಾಯಬೇಕಾದವರು ಇಲ್ಲಿಯವರೇ. ಹೋದರೆ ಚಪ್ಪಡಿಗಳ ಮೇಲೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಊರಿನ ಹಿರಿಯರು ಸಿಕ್ಕರೆ ಮೊರೇರ ಕಥೆ ಕೇಳಿಸಿಕೊಂಡು ಬನ್ನಿ.