ವಿಚರ್ಚಿಕೆಯ ಪಾಠ, ಇಸುಬಿನ ಅರ್ಥ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಸೀಮೆಯಲ್ಲಿ ಕನ್ನಡಿಗರು ಇಸುಬು ಎನ್ನುವುದನ್ನೇ ಮರಾಠಿ ಭಾಷಿಕರು ಇಸಬ ಎನ್ನುತ್ತಾರೆ. ಸಂಸ್ಕೃತ ವೈದ್ಯಗ್ರಂಥಗಳಲ್ಲಿ ಇದಕ್ಕೆ ಅತಿ ಸಮೀಪವಾದ ಹೆಸರು ವಿಚರ್ಚಿಕಾ. ಆದರೆ ಆ ಹೆಸರು ಬರುವುದು ಕುಷ್ಠಪ್ರಕರಣದಲ್ಲಿ. ಓಲೆಯನ್ನು ಓದುವವರು ಎಡವುವುದೂ ಅಲ್ಲಿಯೇ.

ಪ್ರಾಚೀನರಲ್ಲಿ ಕುಷ್ಠವೆಂಬುದು ಚರ್ಮವ್ಯಾಧಿಗಳ ಸಾಮಾನ್ಯ ಸಂಜ್ಞೆ. ಚರಕನು ಹದಿನೆಂಟು ಕುಷ್ಠಗಳನ್ನೆಣಿಸಿ, ಏಳನ್ನು ಮಹಾಕುಷ್ಠವೆಂದೂ ಹನ್ನೊಂದನ್ನು ಕ್ಷುದ್ರಕುಷ್ಠವೆಂದೂ ವಿಭಾಗಿಸಿದ್ದಾನೆ; ವಿಚರ್ಚಿಕೆ ಎರಡನೆಯ ವರ್ಗದ್ದು. ಇಂದಿನ ಕನ್ನಡದಲ್ಲಾದರೋ ಕುಷ್ಠವೆಂದರೆ 1873ರಲ್ಲಿ ಹ್ಯಾನ್ಸನ್ ಗುರುತಿಸಿದ ರೋಗಾಣುವಿನಿಂದ ಬರುವ ಒಂದೇ ರೋಗ. ಇಸುಬು ಮುಟ್ಟಿದರೆ ಹರಡುವುದಲ್ಲ. ಈ ಭೇದವನ್ನರಿಯದೆ ಅನುವಾದಿಸಿದರೆ ಇಸುಬಿನ ರೋಗಿಯು ಕುಷ್ಠರೋಗಿಯೇ ಆಗಿಬಿಡುತ್ತಾನೆ. ಒಂದು ಮನೆಯ ಕನ್ಯೆಯ ವಿವಾಹವೇ ನಿಂತುಹೋಗಬಹುದಾದ ಅರ್ಥದೋಷವಿದು. ವಿಸೂಚಿಕಾ ಎಂಬ ಉದರರೋಗದ ಹೆಸರೂ ಅಕ್ಷರರೂಪದಲ್ಲಿ ಹತ್ತಿರದ್ದಾದುದರಿಂದ ಲಿಪಿಕಾರರ ಪ್ರಮಾದಕ್ಕೆ ಎಡೆಯುಂಟು.

ಚರಕನ ವಿಚರ್ಚಿಕೆ ತುರಿಕೆ, ಕಪ್ಪು ಗುಳ್ಳೆ, ಬಹಳ ಸ್ರಾವವುಳ್ಳದ್ದು. ಸುಶ್ರುತನದು ರೂಕ್ಷವಾದದ್ದು, ಗೆರೆಗೆರೆಯಾದದ್ದು. ಒಂದನ್ನು ಹಿಡಿದು ಇನ್ನೊಂದನ್ನು ತಿದ್ದುವುದು ಸಾಧುವಲ್ಲ. ಇಸುಬು ಮೊದಲು ಜಿನುಗಿ, ಹಳತಾದಾಗ ಒಣಗಿ ದಪ್ಪವಾಗುವುದನ್ನು ಇಂದಿನ ವೈದ್ಯರೂ ಬಲ್ಲರು. ಸದಲಗೆಯಲ್ಲಿ 1906ರಲ್ಲಿ ಜನಿಸಿದ ಡಾ. ಆ. ನೇ. ಉಪಾಧ್ಯೆಯವರು ಪ್ರಾಕೃತ ಗ್ರಂಥಸಂಪಾದನೆಯಲ್ಲಿ ತೋರಿದ ಸಂಯಮ ವೈದ್ಯಗ್ರಂಥಗಳಿಗೂ ಸಲ್ಲತಕ್ಕದ್ದು.

ಕಾರಣವಿಚಾರದಲ್ಲಿ ಉಗ್ರಾದಿತ್ಯಾಚಾರ್ಯರ ಕಲ್ಯಾಣಕಾರಕವು ವಿಶಿಷ್ಟವಾದುದು. ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿದ ಈ ಗ್ರಂಥವು ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಹಿಂದೀ ಅನುವಾದದೊಡನೆ 1940ರಲ್ಲಿ ಸೋಲಾಪುರದಿಂದ ಪ್ರಕಟವಾಯಿತು. ರೋಗದ ಮೂಲವು ಕರ್ಮದ ಉದಯ-ಉದೀರಣೆಗಳೆಂದು ಆಚಾರ್ಯರ ಮತ. ಹಾಗಾದರೆ ಚಿಕಿತ್ಸೆ ವ್ಯರ್ಥವೇ? ಅಲ್ಲ. ಕರ್ಮಪಾಕವು ಉಪಾಯದಿಂದಲೂ ಆಗುತ್ತದೆ, ಕಾಲದಿಂದಲೂ ಆಗುತ್ತದೆ. ಮರದ ಹಣ್ಣನ್ನು ಉಪಾಯದಿಂದ ಮಾಗಿಸುವಂತೆ ದೋಷವನ್ನೂ ಪಕ್ವಗೊಳಿಸಬಹುದೆಂದು ಅವರು ಹೇಳುತ್ತಾರೆ. ಸವಿಪಾಕ-ಅವಿಪಾಕ ನಿರ್ಜರೆಯ ಭೇದವನ್ನು ಬಲ್ಲವರಿಗೆ ಇದರ ಮೂಲ ಹೊಳೆಯದಿರದು. ‘ಕರ್ಮ, ಅನುಭವಿಸಲಿ’ ಎಂದು ರೋಗಿಯನ್ನು ಕೈಬಿಡುವವರಿಗೆ ಈ ಗ್ರಂಥದ ಆಧಾರವಿಲ್ಲ.

ಆಧುನಿಕರು ಕಂಡುಕೊಂಡ ಕಾರಣಗಳಲ್ಲಿ ಕೆಲವು ಹುಟ್ಟಿನಿಂದ ಬಂದವು. ಚರ್ಮದ ಹೊರಪದರವನ್ನು ಕಾಯುವ ಫಿಲಾಗ್ರಿನ್ ಎಂಬ ಪ್ರೋಟೀನಿನ ವಂಶವಾಹಿಯ ದೋಷಕ್ಕೂ ಬಾಲ್ಯದ ಇಸುಬಿಗೂ ಇರುವ ಸಂಬಂಧ 2006ರಲ್ಲಿ ತಿಳಿದುಬಂತು. ಕೆಲವು ಹೊರಗಿನಿಂದ ತಗಲುವಂಥವು. ತಂಬಾಕಿಗೆ ಹೆಸರಾದ ನಿಪ್ಪಾಣಿಯಂಥ ಕಡೆ ಆ ಎಲೆಯ ಸ್ಪರ್ಶವೂ ಕೆಲವರಿಗೆ ಇಸುಬನ್ನು ತರಬಲ್ಲುದು. 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು ಹೊಲಹೊಲಕ್ಕೂ ಹಬ್ಬಿದ ಕಾಂಗ್ರೆಸ್ ಕಳೆಯಂತೂ ಅಮೆರಿಕ ಖಂಡದ ಸಸ್ಯ. ಯಾವ ಪ್ರಾಚೀನ ಓಲೆಯಲ್ಲಿಯೂ ಅದರ ಹೆಸರಿರಲು ಸಾಧ್ಯವಿಲ್ಲ. ಆದರೂ ನಿದಾನಪರಿವರ್ಜನವೆಂಬ ಹಳೆಯ ವಿಧಿ ಇಲ್ಲಿಯೂ ಸಲ್ಲುತ್ತದೆ: ಕಾರಣವನ್ನು ದೂರವಿಡುವುದು, ಚರ್ಮವನ್ನು ಸ್ನಿಗ್ಧವಾಗಿಡುವುದು, ವೈದ್ಯರು ಹೇಳಿದಷ್ಟೇ ದಿನ ಸ್ಟೀರಾಯ್ಡ್ ಮುಲಾಮನ್ನು ಹಚ್ಚುವುದು.

ಕುಷ್ಠಯೋಗಗಳಲ್ಲಿ ಹರಿತಾಲ, ಮನಃಶಿಲೆಗಳು ಬರುವುದುಂಟು. ಎರಡೂ ಪಾಷಾಣದ ಅಂಶವುಳ್ಳವು. ಓಲೆಯಿಂದ ಅಂಥ ಯೋಗವನ್ನು ಪ್ರತಿಮಾಡಿ ರೋಗಿಯ ಕೈಗೆ ಕೊಡುವುದು ಪಂಡಿತರ ಕೆಲಸವಲ್ಲ.